ಮಕ್ಕಳ ಒಸಡಿನ ಆರೈಕೆಗೆ ರಾತ್ರಿಯೇ ಮುಖ್ಯ

ನಮ್ಮ ಬಾಗಲಕೋಟೆ ಕಡೆಯ ಮನೆಗಳಲ್ಲಿ ಹಲ್ಲುಜ್ಜದ ಮಗುವಿಗೆ ಬೆಳಗಿನ ಚಹಾ ಸಿಗುವುದಿಲ್ಲ. ಆ ಶಿಸ್ತು ಒಳ್ಳೆಯದೇ. ಆದರೆ ಅದೇ ಮಗು ರಾತ್ರಿ ಅಮೀನಗಡದ ಕರದಂಟನ್ನೋ ಶೇಂಗಾ ಉಂಡೆಯನ್ನೋ ತಿಂದು ಹಾಗೆಯೇ ಮಲಗಿದರೆ ಯಾರೂ ಕೇಳುವುದಿಲ್ಲ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಬೆಲ್ಲದ ಅಂಟು ಬಾಯಲ್ಲೇ ಉಳಿಯುತ್ತದೆ, ಹಲ್ಲು ಮತ್ತು ಒಸಡು ಕೂಡುವ ಅಂಚಿನಲ್ಲಿ ಸೂಕ್ಷ್ಮಾಣುಗಳ ಪೊರೆ ಕಟ್ಟುತ್ತದೆ. ಅದನ್ನು ದಿನವೂ ತೆಗೆಯದಿದ್ದರೆ ಒಸಡು ಕೆಂಪಾಗಿ ಊದಿಕೊಳ್ಳುತ್ತದೆ.

ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಈ ಕೆಲಸ ಪೂರ್ತಿ ಒಗ್ಗುವುದಿಲ್ಲ. ಅವರು ಉಜ್ಜಿದ ಮೇಲೆ ತಲೆಯನ್ನು ನಿಮ್ಮ ತೊಡೆಯ ಮೇಲೆ ಇರಿಸಿಕೊಂಡು, ಬೆರಳಿನಿಂದ ತುಟಿಯನ್ನು ಮೆಲ್ಲಗೆ ಎತ್ತಿ, ಮೆದುವಾದ ಬ್ರಷ್ಷನ್ನು ಒಸಡಿನ ಕಡೆಗೆ ಓರೆಯಾಗಿ ಹಿಡಿದು ಸಣ್ಣ ಸಣ್ಣ ಸುತ್ತುಗಳಲ್ಲಿ ಎರಡು ನಿಮಿಷ ಉಜ್ಜಬೇಕು. ಆರನೆಯ ವರ್ಷದ ಸುಮಾರಿಗೆ ಯಾವ ಹಾಲುಹಲ್ಲೂ ಬೀಳದೆಯೇ ಹಿಂದುಗಡೆ ದವಡೆಹಲ್ಲು ಮೂಡುತ್ತದೆ. ಅದು ಶಾಶ್ವತ ಹಲ್ಲೆಂಬುದು ಅನೇಕ ತಾಯ್ತಂದೆಯರಿಗೆ ತಿಳಿದಿರುವುದಿಲ್ಲವಾದ್ದರಿಂದ ಬ್ರಷ್ ಅಲ್ಲಿಯವರೆಗೆ ತಲುಪುವುದೇ ಇಲ್ಲ.

ಫ್ಲೋರೈಡ್ ಇರುವ ಪೇಸ್ಟ್ ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಕಾಳಿನಷ್ಟು ಸಾಕು. ನಮ್ಮ ಜಿಲ್ಲೆಯ ಕೆಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮೊದಲೇ ಹೆಚ್ಚಾಗಿರುವುದರಿಂದ ಅಲ್ಲಿನ ಮಕ್ಕಳು ಪೇಸ್ಟ್ ನುಂಗದಂತೆ ಎದುರಿಗೆ ನಿಂತೇ ಉಗುಳಿಸಬೇಕು. ಮಿಸ್ರಿಯ ಡಬ್ಬಿಯಂತೂ ಮಗುವಿನ ಕೈಗೆ ಎಟುಕಲೇಬಾರದು. ಅದು ಸುಟ್ಟ ತಂಬಾಕು, ಹಲ್ಲುಪುಡಿಯಲ್ಲ. ಅಜ್ಜಿ ಹಚ್ಚಿಕೊಳ್ಳುವುದನ್ನು ನೋಡಿದ ಮೊಮ್ಮಗಳು ತಾನೂ ಬೆರಳು ಅದ್ದಿಯೇ ಅದ್ದುತ್ತಾಳೆ. ಆದ್ದರಿಂದ ಹಿರಿಯರೇ ಅದನ್ನು ಬಿಡಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಇನ್ನು ರಕ್ತದ ಮಾತು. ಉಗುಳಿನಲ್ಲಿ ಕೆಂಪು ಕಂಡೊಡನೆ ಮಗುವಿಗೆ ನೋವಾದೀತೆಂದು ಆ ಜಾಗಕ್ಕೆ ಬ್ರಷ್ ಮುಟ್ಟಿಸುವುದನ್ನೇ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಿದರೆ ಪೊರೆ ಇನ್ನಷ್ಟು ದಪ್ಪವಾಗಿ ಒಸಡು ಮತ್ತಷ್ಟು ಕೆಡುತ್ತದೆ. ಬಹುಪಾಲು ರಕ್ತ ಬರುವುದು ಸ್ವಚ್ಛತೆ ಸಾಲದ ಜಾಗದಲ್ಲೇ ಆದ್ದರಿಂದ ಅಲ್ಲಿಯೇ ದಿನಕ್ಕೆರಡು ಬಾರಿ ಹಗುರ ಕೈಯಿಂದ ಉಜ್ಜುತ್ತ ಬಂದರೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಒಸಡು ತಿಳಿಗೆಂಪಿಗೆ ಮರಳುತ್ತದೆ. ಆ ಮೇಲೂ ರಕ್ತ ನಿಲ್ಲದಿದ್ದರೆ, ಕೀವು ಕಂಡರೆ ಅಥವಾ ಹಲ್ಲು ಅಲುಗಿ ನೋಯುತ್ತಿದ್ದರೆ ದಂತವೈದ್ಯರಲ್ಲಿಗೆ ಕರೆದೊಯ್ಯಿರಿ. ಗಟ್ಟಿಯಾದ ಪಾಚಿಯನ್ನು ಅವರೇ ತೆಗೆಯಬೇಕು, ಉಪ್ಪಾಗಲಿ ಇದ್ದಿಲಾಗಲಿ ಅದನ್ನು ಕರಗಿಸುವುದಿಲ್ಲ.