ಅಳುವ ಮಗುವಿನ ಪಕ್ಕದಲ್ಲಿ ಕುಳಿತು ಕಲಿತದ್ದು

ಎರಡೂವರೆಯಿಂದ ಐದು ವರ್ಷದವರೆಗಿನ ಮಕ್ಕಳಿಗೆ ಪಾಠ ಹೇಳಲು ಆರಂಭಿಸಿದ ಮೊದಲ ಕೆಲವು ವರ್ಷಗಳಲ್ಲಿ, ಅಳುತ್ತಿರುವ ಮಗುವನ್ನು ಆದಷ್ಟು ಬೇಗ ಸುಮ್ಮನಾಗಿಸುವುದೇ ನನ್ನ ಕೆಲಸವೆಂದು ನಾನು ನಂಬಿದ್ದೆ. ಗೊಂಬೆ ತೋರಿಸುತ್ತಿದ್ದೆ, ಕಿಟಕಿಯಾಚೆ ಬೆರಳು ಮಾಡುತ್ತಿದ್ದೆ, ‘ಇಷ್ಟಕ್ಕೆಲ್ಲ ಅಳುತ್ತಾರೆಯೇ’ ಎನ್ನುತ್ತಿದ್ದೆ. ಯಾವುದೂ ಫಲಿಸದಿದ್ದಾಗ ಮೂಲೆಯ ಚಾಪೆಯ ಮೇಲೆ ಕೂರಿಸಿ, ‘ಅಳು ನಿಂತ ಮೇಲೆ ಬಾ’ ಎಂದು ಹೇಳಿ ಉಳಿದವರ ಕಡೆಗೆ ತಿರುಗುತ್ತಿದ್ದೆ. ಅಳು ನಿಲ್ಲುತ್ತಿತ್ತು. ಆದರೆ ಮರುದಿನ ಅದೇ ಮಗು ಅದೇ ಕಾರಣಕ್ಕೆ ಅಷ್ಟೇ ಜೋರಾಗಿ ಅಳುತ್ತಿತ್ತು, ಮತ್ತು ವರ್ಷ ಮುಗಿಯುವ ಹೊತ್ತಿಗೂ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ಬಗೆಯನ್ನು ಕಲಿತಿರುತ್ತಿರಲಿಲ್ಲ.

ಈ ನಂಬಿಕೆಯನ್ನು ಅಲುಗಾಡಿಸಿದವನು ಮೂರು ವರ್ಷ ತುಂಬಿದ ಒಬ್ಬ ಹುಡುಗ. ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುವುದು ಅವನಿಗೆ ಬಹಳ ಇಷ್ಟ. ಪೇರಿಸಿದ್ದು ಬಿದ್ದರೆ ಮಾತ್ರ ನೆಲಕ್ಕೆ ಉರುಳಿ, ಕೈಗೆ ಸಿಕ್ಕಿದ್ದನ್ನು ಎಸೆದು, ರಚ್ಚೆ ಹಿಡಿಯುತ್ತಿದ್ದ. ಅವನ ರಂಪ ಮುಗಿಯುವುದೇ ಇಲ್ಲವೆಂದು ನನಗೆ ಅನ್ನಿಸುತ್ತಿತ್ತು. ನಿಜವಾಗಿ ಎಷ್ಟು ಹೊತ್ತು ನಡೆಯುತ್ತದೆ ಎಂದು ತಿಳಿಯಲು ಒಂದು ಪುಸ್ತಕದಲ್ಲಿ ಬರೆದಿಡತೊಡಗಿದೆ: ಶುರುವಾದ ಸಮಯ, ಅದಕ್ಕೆ ಮೊದಲು ನಡೆದದ್ದು, ನಾನು ಮಾಡಿದ್ದು, ಮುಗಿದ ಸಮಯ. ಎರಡು ವಾರಗಳ ಬರಹವನ್ನು ಒಟ್ಟಿಗೆ ಓದಿದಾಗ ಎರಡು ಸಂಗತಿಗಳು ಕಣ್ಣಿಗೆ ಬಿದ್ದವು. ಬಹುಪಾಲು ರಂಪಗಳು ಕೆಲವೇ ನಿಮಿಷಗಳಲ್ಲಿ ಮುಗಿದಿದ್ದವು. ದೀರ್ಘವಾಗಿ ನಡೆದವುಗಳಲ್ಲೆಲ್ಲ ನಾನು ಆರಂಭದಲ್ಲಿಯೇ ಬುದ್ಧಿ ಹೇಳಲು ಹೊರಟಿದ್ದೆ.

ಇದಕ್ಕೆ ವಿವರಣೆ ನನಗೆ ದೊರೆತದ್ದು ಮೈಕೇಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್‌ಸನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ. ಪುಟ್ಟ ಮಕ್ಕಳ ರಂಪದಲ್ಲಿ ಕೋಪ ಮತ್ತು ದುಃಖ ಎಂಬ ಎರಡು ಎಳೆಗಳಿರುತ್ತವೆ ಎಂದು ಅವರು ತೋರಿಸಿದ್ದರು. ಒದೆಯುವುದು, ಕಿರುಚುವುದು, ಎಸೆಯುವುದು ಆರಂಭದ ಹೊತ್ತಿನಲ್ಲೇ ಏರಿ ಇಳಿದುಹೋಗುತ್ತವೆ. ಅಳು ಮತ್ತು ದೊಡ್ಡವರ ಆಸರೆಯನ್ನು ಹುಡುಕುವುದು ಅದರ ಅಡಿಯಲ್ಲಿಯೇ ಉದ್ದಕ್ಕೂ ಹರಿಯುತ್ತಿರುತ್ತವೆ. ಕೋಪ ಏರುತ್ತಿರುವಾಗ ಆಡಿದ ಮಾತು ಮಗುವಿನ ಕಿವಿಗೆ ಬೀಳುವುದಿಲ್ಲ, ಬಿದ್ದರೂ ಇನ್ನೊಂದು ಕಿರಿಕಿರಿಯಾಗಿ ಮಾತ್ರ ಬೀಳುತ್ತದೆ ಎಂಬುದು ನನ್ನ ಪುಸ್ತಕದ ಪುಟಗಳಿಂದಲೂ ಸ್ಪಷ್ಟವಾಗಿತ್ತು. ಅಲ್ಲಿಂದ ಮುಂದೆ ನಾನು ಮಾತನ್ನು ಕಡಿಮೆ ಮಾಡಿದೆ. ಎಸೆಯುವ ಕೈಯನ್ನು ಹಿಡಿದು ತಡೆಯುತ್ತಿದ್ದೆ, ‘ಎಸೆಯಲು ಬಿಡುವುದಿಲ್ಲ’ ಎಂಬ ಒಂದೇ ವಾಕ್ಯ ಹೇಳುತ್ತಿದ್ದೆ, ಆಮೇಲೆ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ನನ್ನ ಉಸಿರು ನಿಧಾನವಾಗುವವರೆಗೆ ಕಾಯುತ್ತಿದ್ದೆ. ಕಿರುಚಾಟ ಇಳಿದು ಬರೀ ಅಳು ಉಳಿದಾಗ ಅವನು ತಾನಾಗಿಯೇ ನನ್ನ ಮಡಿಲಿಗೆ ಸರಿಯುತ್ತಿದ್ದ. ಮಾತಿಗೆ ಜಾಗವಿರುವುದು ಆಗ.

ನನ್ನ ಉಸಿರಿನ ಮಾತನ್ನು ಇಲ್ಲಿ ಸುಮ್ಮನೆ ತಂದಿಲ್ಲ. ಮಗು ಮೊದಲು ಶಾಂತವಾಗುವುದು ತನ್ನ ಬಲದಿಂದಲ್ಲ, ಎತ್ತಿಕೊಂಡವರ ಬಲದಿಂದ. ಹಸುಳೆ ಬೆರಳು ಚೀಪಬಲ್ಲದು, ಹೆಚ್ಚಾದದ್ದರಿಂದ ಮುಖ ತಿರುಗಿಸಬಲ್ಲದು. ಅದಕ್ಕಿಂತ ಹೆಚ್ಚಿನ ಸಮಾಧಾನ ಹೊರಗಿನಿಂದಲೇ ಬರಬೇಕು. ಎಡ್ವರ್ಡ್ ಟ್ರೋನಿಕ್ ಮತ್ತು ಸಂಗಡಿಗರು 1978ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಕೂಸಿನೊಡನೆ ನಗುತ್ತಾ ಮಾತನಾಡುತ್ತಿದ್ದ ತಾಯಿ ಕೆಲವು ನಿಮಿಷ ಯಾವ ಭಾವವನ್ನೂ ತೋರದೆ ಸುಮ್ಮನೆ ಕುಳಿತಳು. ಕೂಸು ಮೊದಲು ನಕ್ಕು, ಕೈಯಾಡಿಸಿ ಅವಳನ್ನು ಮರಳಿ ಕರೆಯಲು ಪ್ರಯತ್ನಿಸಿತು. ಉತ್ತರ ಬಾರದಿದ್ದಾಗ ಮುಖ ತಿರುಗಿಸಿಕೊಂಡು ಮುದುಡಿತು. ಅದನ್ನು ಓದಿದ ದಿನ, ಮೂಲೆಯ ಚಾಪೆಯ ಮೇಲಿನ ಮಗುವಿಗೆ ನನ್ನ ತಿರುಗಿದ ಬೆನ್ನು ಹೇಗೆ ಕಂಡಿರಬಹುದೆಂದು ಬಹಳ ಹೊತ್ತು ಯೋಚಿಸಿದೆ.

ಚಾಪೆಯನ್ನು ತೆಗೆದುಹಾಕಲು ಇನ್ನೊಂದು ಕಾರಣವೂ ಇತ್ತು. ಸಂತೋಷ, ಕೋಪ, ಭಯ ಇವು ಮೊದಲ ವರ್ಷದಲ್ಲಿಯೇ ಕಾಣಿಸಿಕೊಳ್ಳುತ್ತವೆ: ಎದುರಿನವರ ಮುಖ ನೋಡಿ ನಗುವುದು ಆರರಿಂದ ಎಂಟು ವಾರದ ಹೊತ್ತಿಗೆ, ಅಪರಿಚಿತರನ್ನು ಕಂಡು ಅಳುವುದು ಎಂಟು–ಒಂಬತ್ತು ತಿಂಗಳ ಸುಮಾರಿಗೆ. ಮುಜುಗರ, ನಾಚಿಕೆ, ಹೆಮ್ಮೆ, ತಪ್ಪು ಮಾಡಿದೆನೆಂಬ ಅಳುಕು ಮಾತ್ರ ತಡವಾಗಿ ಬರುತ್ತವೆ, ಏಕೆಂದರೆ ಅವುಗಳಿಗೆ ‘ನಾನು’ ಎಂಬ ಅರಿವು ಮೊದಲು ಮೂಡಬೇಕು. ಮೂಗಿನ ಮೇಲೆ ಗೊತ್ತಾಗದಂತೆ ಬಣ್ಣ ಹಚ್ಚಿ ಕನ್ನಡಿಯ ಮುಂದೆ ನಿಲ್ಲಿಸಿದರೆ, ಸುಮಾರು ಒಂದೂವರೆ ವರ್ಷದ ನಂತರವೇ ಹೆಚ್ಚಿನ ಮಕ್ಕಳು ಕನ್ನಡಿಯನ್ನು ಬಿಟ್ಟು ತಮ್ಮ ಮೂಗನ್ನೇ ಮುಟ್ಟಿಕೊಳ್ಳುತ್ತಾರೆ. ನನ್ನ ತರಗತಿಗೆ ಬರುವ ಮಕ್ಕಳು ಇತರರ ಕಣ್ಣಲ್ಲಿ ತಾವು ಹೇಗೆ ಕಾಣುತ್ತೇವೆಂದು ಈಗಷ್ಟೇ ಅರಿಯತೊಡಗಿದವರು. ಅಂಥವರನ್ನು ಎಲ್ಲರ ಎದುರು ಪ್ರತ್ಯೇಕವಾಗಿ ಕೂರಿಸಿದರೆ ಕೋಪದ ಮೇಲೆ ಅವಮಾನವೂ ಸೇರುತ್ತದೆ, ಮತ್ತು ಎರಡನ್ನೂ ಒಟ್ಟಿಗೆ ಹೊರುವ ಶಕ್ತಿ ಆ ವಯಸ್ಸಿಗೆ ಇರುವುದಿಲ್ಲ.

ಹುಡುಗನಿಗೆ ಒದಗಿದ ಈ ಕ್ರಮವನ್ನು ಎಲ್ಲರಿಗೂ ಅನ್ವಯಿಸಲು ಹೋಗಿ ನಾನು ಮತ್ತೊಮ್ಮೆ ತಪ್ಪಿದೆ. ಅದೇ ವರ್ಷ ಸೇರಿದ ಒಬ್ಬ ಹುಡುಗಿ ಮೂರು ವಾರ ಬಾಗಿಲ ಬಳಿಯಿಂದ ಕದಲಲಿಲ್ಲ. ಅವಳು ಅಳುತ್ತಿರಲಿಲ್ಲ, ಚೀಲವನ್ನು ಎದೆಗವಚಿಕೊಂಡು ನೋಡುತ್ತಾ ನಿಲ್ಲುತ್ತಿದ್ದಳು. ನಾನು ಪಕ್ಕಕ್ಕೆ ಹೋಗಿ ಕುಳಿತರೆ ಇನ್ನಷ್ಟು ಗೋಡೆಗೆ ಒತ್ತಿಕೊಳ್ಳುತ್ತಿದ್ದಳು. ಹುಡುಗನಿಗೆ ಆಸರೆಯಾದ ನನ್ನ ಸಾಮೀಪ್ಯ ಅವಳಿಗೆ ಭಾರವಾಗಿತ್ತು.

ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಅಧ್ಯಯನ ಇಂಥ ಮಕ್ಕಳನ್ನು ಅರ್ಥಮಾಡಿಕೊಳ್ಳಲು ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾಗಿದೆ. ಚಟುವಟಿಕೆಯ ಮಟ್ಟ, ಊಟ ನಿದ್ರೆಗಳ ನಿಯಮಿತತೆ, ಹೊಸದರ ಮುಂದೆ ಮುನ್ನುಗ್ಗುವುದು ಅಥವಾ ಹಿಂಜರಿಯುವುದು, ಭಾವದ ತೀವ್ರತೆ ಮುಂತಾದ ಒಂಬತ್ತು ಗುಣಗಳಲ್ಲಿ ಮಕ್ಕಳನ್ನು ಗಮನಿಸಿ, ಸುಮಾರು 40 ಶೇಕಡಾ ಮಕ್ಕಳು ಸುಲಭವಾಗಿ ಹೊಂದಿಕೊಳ್ಳುವವರು, 10 ಶೇಕಡಾ ಕಷ್ಟದ ಮನೋಧರ್ಮದವರು, 15 ಶೇಕಡಾ ನಿಧಾನವಾಗಿ ಬೆರೆಯುವವರು ಎಂದು ಅವರು ಗುರುತಿಸಿದರು. ಉಳಿದ 35 ಶೇಕಡಾ ಮಕ್ಕಳು ಯಾವ ಗುಂಪಿಗೂ ಸೇರಲಿಲ್ಲ ಎಂಬುದನ್ನು ನಾವು ಮರೆಯಬಾರದು; ಹಣೆಪಟ್ಟಿ ಅಂಟಿಸುವ ಆತುರಕ್ಕೆ ಅದು ಒಳ್ಳೆಯ ತಡೆ. ಅವರ ಮಾತುಗಳಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಹೊಂದಾಣಿಕೆಯ ವಿಚಾರ. ಯಾವ ಮನೋಧರ್ಮವೂ ತಾನಾಗಿ ತೊಂದರೆಯಲ್ಲ. ಮಗುವಿನ ಸ್ವಭಾವಕ್ಕೂ ಸುತ್ತಲಿನವರ ನಿರೀಕ್ಷೆಗೂ ತಾಳೆಯಾಗದಿದ್ದಾಗ ತೊಂದರೆ ಹುಟ್ಟುತ್ತದೆ.

ತಾಳೆಯಾಗುವಂತೆ ಮಾಡಲು ನಾನು ಬದಲಾಯಿಸಿದ್ದು ಹುಡುಗಿಯನ್ನಲ್ಲ, ಬಾಗಿಲ ಬಳಿಯ ಜಾಗವನ್ನು. ಅಲ್ಲಿಯೇ ಒಂದು ಪುಟ್ಟ ಕುರ್ಚಿ ಇಟ್ಟೆ. ನೋಡುತ್ತಾ ಕೂರುವುದೂ ತರಗತಿಯಲ್ಲಿ ಭಾಗವಹಿಸುವ ಒಂದು ಬಗೆಯೆಂದು ಉಳಿದ ಮಕ್ಕಳಿಗೆ ಹೇಳಿದೆ. ಎಲ್ಲರಿಗಿಂತ ಹತ್ತು ನಿಮಿಷ ಮೊದಲು ಕರೆತರುವಂತೆ ಅವಳ ತಾಯಿಯನ್ನು ಕೇಳಿಕೊಂಡೆ. ತುಂಬಿದ ಕೋಣೆಗೆ ಕಾಲಿಡುವುದಕ್ಕಿಂತ ಖಾಲಿ ಕೋಣೆ ತನ್ನ ಕಣ್ಣೆದುರೇ ತುಂಬುವುದನ್ನು ನೋಡುವುದು ಅವಳಿಗೆ ಎಷ್ಟೋ ಹಗುರವಾಯಿತು. ಮುಂದೆ ಏನು ನಡೆಯಲಿದೆ ಎಂಬುದನ್ನು ದಿನವೂ ಮೊದಲೇ ಹೇಳುತ್ತಿದ್ದೆ. ಐದನೆಯ ವಾರದಲ್ಲಿ ಅವಳು ಚೀಲವನ್ನು ಕೆಳಗಿಟ್ಟಳು. ಬಂದವರ ಮುಂದೆ ‘ಇವಳಿಗೆ ನಾಚಿಕೆ ಜಾಸ್ತಿ’ ಎನ್ನುವುದನ್ನು ಬಿಟ್ಟು ‘ಇವಳಿಗೆ ಸ್ವಲ್ಪ ಸಮಯ ಬೇಕು’ ಎನ್ನಬೇಕೆಂದು ಮನೆಯವರಲ್ಲಿ ವಿನಂತಿಸಿದ್ದೆ. ಅದನ್ನು ಅವರು ಪ್ರೀತಿಯಿಂದ ಪಾಲಿಸಿದರು.

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಪೋಷಕರು ನನ್ನ ಮುಂದೆ ಆಗಾಗ ಹೇಳುತ್ತಾರೆ. ಮನೋವಿಜ್ಞಾನಿ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳನ್ನು ಹೊಸ ನೋಟ, ಹೊಸ ಸದ್ದುಗಳ ಮುಂದೆ ಗಮನಿಸಿ, ಕೈಕಾಲು ಬಡಿದು ಹೆಚ್ಚು ಅತ್ತವರಲ್ಲಿ ಮುಂದೆ ಹಿಂಜರಿಕೆಯ ಸ್ವಭಾವ ಹೆಚ್ಚಾಗಿ ಕಂಡುಬರುತ್ತದೆಂದು ತೋರಿಸಿದ್ದರಿಂದ, ಗಾದೆಯಲ್ಲಿ ಸತ್ಯವಿದೆ. ಆದರೆ ಅವರಲ್ಲಿ ಎಲ್ಲರೂ ಅಂಜುಬುರುಕರಾಗಿ ಉಳಿಯಲಿಲ್ಲ ಎಂಬುದನ್ನೂ ಅದೇ ಅಧ್ಯಯನಗಳು ಹೇಳುತ್ತವೆ. ಗುಣ ಹೋಗದಿರಬಹುದು, ಆ ಗುಣದೊಂದಿಗೆ ಬಾಳುವ ಬಗೆಯನ್ನು ಕಲಿಯಬಹುದು.

ಹೆಸರಿಡುವುದು ಆ ಕಲಿಕೆಯ ದೊಡ್ಡ ಭಾಗ. ನನ್ನ ಮಕ್ಕಳಲ್ಲಿ ಹೆಚ್ಚಿನವರ ಬಳಿ ‘ಸಿಟ್ಟು’ ಎಂಬ ಒಂದೇ ಪದವಿತ್ತು. ಗೆಳೆಯ ಆಟಕ್ಕೆ ಕರೆಯದಿದ್ದರೂ ಸಿಟ್ಟು, ಚಿತ್ರ ಹರಿದುಹೋದರೂ ಸಿಟ್ಟು. ಮುನಿಸು, ಬೇಸರ, ನಿರಾಶೆ, ಹೊಟ್ಟೆಕಿಚ್ಚು, ಗಾಬರಿ, ಸಂಕೋಚ ಎಂದು ನಮ್ಮ ಭಾಷೆಯಲ್ಲಿ ಬೇರೆ ಬೇರೆ ಪದಗಳಿರುವುದು ಬೇರೆ ಬೇರೆ ಅನುಭವಗಳಿಗಾಗಿ, ಮತ್ತು ಅವುಗಳ ಪರಿಹಾರವೂ ಬೇರೆ ಬೇರೆ. ಮುನಿಸಿಗೆ ಬೇಕಾದದ್ದು ಯಾರಾದರೂ ಬಂದು ಮಾತನಾಡಿಸುವುದು. ನಿರಾಶೆಗೆ ಬೇಕಾದದ್ದು ಇನ್ನೊಂದು ಪ್ರಯತ್ನ. ‘ಕರೆಯಲಿಲ್ಲವೆಂದು ಮುನಿಸು ಬಂದಿದೆಯೇ?’ ಎಂದು ಕೇಳುತ್ತೇನೆಯೇ ಹೊರತು ‘ನಿನಗೆ ಮುನಿಸು’ ಎಂದು ತೀರ್ಪು ಕೊಡುವುದಿಲ್ಲ, ಏಕೆಂದರೆ ನನ್ನ ಊಹೆ ಹಲವು ಬಾರಿ ತಪ್ಪಿದೆ, ಮತ್ತು ಮಕ್ಕಳು ಅದನ್ನು ತಿದ್ದಿದ್ದಾರೆ. ಚಪ್ಪಾಳೆ ಕೇಳಿದೊಡನೆ ಕಲ್ಲಿನಂತೆ ನಿಲ್ಲುವ ಆಟವನ್ನೂ ದಿನಕ್ಕೊಮ್ಮೆ ಆಡಿಸುತ್ತೇನೆ. ಮೂರರಿಂದ ಐದು ವರ್ಷದ ನಡುವೆ ತನ್ನನ್ನು ತಾನು ತಡೆದು ನಿಲ್ಲಿಸುವ ಸಾಮರ್ಥ್ಯ ವೇಗವಾಗಿ ಬೆಳೆಯುತ್ತದೆ. ಆಟದಲ್ಲಿ ಅದಕ್ಕೆ ಅಭ್ಯಾಸ ಸಿಗುತ್ತದೆ ಎಂಬುದು ನನ್ನ ನಂಬಿಕೆ. ಮಿದುಳಿನ ಮುಂಭಾಗ ಪೂರ್ಣವಾಗಿ ಬಲಿಯಲು ಇಪ್ಪತ್ತರ ವಯಸ್ಸೂ ದಾಟಬೇಕಾದ್ದರಿಂದ, ನಾಲ್ಕು ವರ್ಷದ ಮಗು ನಿನ್ನೆ ತಡೆದುಕೊಂಡದ್ದನ್ನು ಇಂದು ತಡೆದುಕೊಳ್ಳದಿದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಪುಸ್ತಕವನ್ನು ಈಗಲೂ ಬರೆಯುತ್ತೇನೆ, ಆದರೆ ‘ನಾನು ಮಾಡಿದ್ದು’ ಎಂಬ ಅಂಕಣದ ಪಕ್ಕದಲ್ಲಿ ‘ಮಗು ತಾನೇ ಮಾಡಿದ್ದು’ ಎಂಬ ಇನ್ನೊಂದನ್ನು ಸೇರಿಸಿದ್ದೇನೆ. ಹುಡುಗನ ಪುಟದಲ್ಲಿ ವರ್ಷದ ಕೊನೆಯ ತಿಂಗಳಲ್ಲಿ ಹೀಗಿದೆ: ಗೋಪುರ ಬಿತ್ತು, ಅಂಗೈಯಿಂದ ನೆಲಕ್ಕೆ ಎರಡು ಬಾರಿ ಹೊಡೆದ, ‘ಬಿತ್ತು, ಮತ್ತೆ ಕಟ್ಟುತ್ತೇನೆ, ದೊಡ್ಡದು ಕೆಳಗೆ’ ಎಂದು ತನಗೆ ತಾನೇ ಪಿಸುಗುಟ್ಟಿದ. ದೊಡ್ಡವರ ಮಾತು ಮಗುವಿನ ಸ್ವಗತವಾಗಿ, ಆಮೇಲೆ ಮನಸ್ಸಿನೊಳಗಿನ ಮಾತಾಗಿ ಇಳಿಯುತ್ತದೆಂದು ರಷ್ಯದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ ಬರೆದದ್ದನ್ನು ನಾನು ಓದಿದ್ದೆ. ‘ದೊಡ್ಡದು ಕೆಳಗೆ’ ಎಂಬುದು ತಿಂಗಳುಗಟ್ಟಲೆ ನಾನು ಅವನಿಗೆ ಹೇಳಿದ ಮಾತು.

ಈಗ ನನ್ನನ್ನು ಹೆಚ್ಚು ಕಾಡುವುದು ಪುಟ ಖಾಲಿ ಉಳಿದ ಮಕ್ಕಳು. ಇಷ್ಟವಾಗದ ಉಡುಗೊರೆ ಸಿಕ್ಕಾಗ, ಕೊಟ್ಟವರ ಎದುರಿನಲ್ಲಿ ಮೂರು–ನಾಲ್ಕು ವರ್ಷದವರೂ ನಿರಾಶೆಯನ್ನು ಮರೆಮಾಡಿ ನಗಬಲ್ಲರೆಂದು ಪಮೇಲಾ ಕೋಲ್ 1986ರಲ್ಲಿ ತೋರಿಸಿದ್ದರು. ಅಳದ, ಕೇಳದ, ಎಲ್ಲದಕ್ಕೂ ತಲೆಯಾಡಿಸುವ ಮಗುವನ್ನು ಒಳ್ಳೆಯ ಮಗುವೆಂದು ಹೊಗಳಿ ಮುಂದೆ ಹೋಗುವುದು ನನಗೂ ಸುಲಭವಾಗಿತ್ತು. ಆದ್ದರಿಂದ ಪ್ರತಿ ಶುಕ್ರವಾರ ಪುಸ್ತಕ ತೆರೆದು, ಆ ವಾರ ಯಾರ ಹೆಸರಿನಲ್ಲಿ ಒಂದು ಸಾಲೂ ಇಲ್ಲವೆಂದು ನೋಡುತ್ತೇನೆ, ಸೋಮವಾರ ಬೆಳಿಗ್ಗೆ ಮೊದಲು ಆ ಮಗುವಿನ ಪಕ್ಕದಲ್ಲಿ ಹೋಗಿ ಕೂರುತ್ತೇನೆ.