ಜೀನು ರಿಪೇರಿಗೆ ಕೊಡುವ ಮುನ್ನ ಒಳಗಿನ ಟ್ರೀ ನೋಡಿ

ಹಳೆಯ ಜೀನು ಕೈಗೆ ಬಂದರೆ ಹೆಚ್ಚಿನವರು ಮೊದಲು ಮಾಡಿಸುವುದು ಹರಿದ ಸೀಟಿನ ಚರ್ಮ. ಹೊಸ ಚರ್ಮ ಹೊದಿಸಿ, ಪಾಲಿಶ್ ಹೊಡೆಸಿ ಕುದುರೆಗೆ ಬಿಗಿದ ಮೇಲೆ ಅದರ ಬೆನ್ನು ಊದಿಕೊಂಡಾಗಲೇ ಒಳಗಿನ ಟ್ರೀ, ಅಂದರೆ ಜೀನಿನ ಒಳ ಚೌಕಟ್ಟು, ಮುರಿದದ್ದು ಗೊತ್ತಾಗುತ್ತದೆ. ಖರ್ಚು ಮಾಡಿದ ಹಣವೂ ಹೋಯಿತು, ಕುದುರೆಗೂ ಗಾಯವಾಯಿತು. ಆದ್ದರಿಂದ ನೋಡುವ ಕ್ರಮ ಹೀಗಿರಲಿ: ಮೊದಲು ಟ್ರೀ, ಆಮೇಲೆ ಭಾರ ಹೊರುವ ಪಟ್ಟಿಗಳು, ನಂತರ ಬೆನ್ನಿಗೆ ತಾಗುವ ಪ್ಯಾನೆಲ್. ಸೀಟು ಎಲ್ಲಕ್ಕಿಂತ ಕೊನೆಗೆ. ಇಲ್ಲಿ ಹೇಳುತ್ತಿರುವುದು ರೈಡಿಂಗ್ ಶಾಲೆಗಳಲ್ಲಿ ಕಾಣುವ ಇಂಗ್ಲಿಷ್ ಮಾದರಿಯ ಚರ್ಮದ ಜೀನಿನ ಬಗ್ಗೆ.

ಒದ್ದೆ ಬಟ್ಟೆ, ಸ್ಯಾಡಲ್ ಸೋಪು ಹಿಡಿದು ಬೆವರು, ಜಿಡ್ಡು ತೆಗೆದು ನೆರಳಲ್ಲಿ ಒಣಗಿಸಿ. ಕೊಳೆಯ ಕೆಳಗೆ ಬಿರುಕು ಕಾಣದು.

ಟ್ರೀ

ಜೀನಿನ ಎಲುಬುಗೂಡು ಇದು. ಹಳೆಯ ಪದ್ಧತಿಯ ಟ್ರೀಯನ್ನು ಮರದ ತೆಳು ಪದರಗಳನ್ನು ಅಂಟಿಸಿ ಮಾಡಿರುತ್ತಾರೆ. ಮುಂದಿನ ಕಮಾನಿಗೆ ಉಕ್ಕಿನ ತಗಡು ಕೂರಿಸಿ ರಿವೆಟ್ ಬಡಿದಿರುತ್ತಾರೆ. ಸ್ಪ್ರಿಂಗ್ ಟ್ರೀ ಆದರೆ ಮುಂದಿನಿಂದ ಹಿಂದಕ್ಕೆ ಎರಡು ಉಕ್ಕಿನ ಪಟ್ಟಿಗಳೂ ಇರುತ್ತವೆ. ಪ್ಲಾಸ್ಟಿಕ್, ಫೈಬರ್ ಟ್ರೀಗಳೂ ಬಂದಿವೆ. ಕುದುರೆ ಜೀನಿನ ಸಮೇತ ಹೊರಳಾಡಿದರೆ, ಕಟ್ಟೆಯ ಮೇಲಿಂದ ಜೀನು ಜಾರಿ ಬಿದ್ದರೆ ಟ್ರೀ ಮುರಿಯುತ್ತದೆ. ಹೊರಗಿನ ಚರ್ಮದ ಮೇಲೆ ಗೀರು ಕೂಡ ಬಿದ್ದಿರುವುದಿಲ್ಲ.

ಮೊದಲು ಮುಂದಿನ ಕಮಾನು. ಜೀನನ್ನು ತೊಡೆಯ ಮೇಲಿಟ್ಟು ಕಮಾನಿನ ಎರಡೂ ಬದಿ ಹಿಡಿದು ಜೋರಾಗಿ ಹೊರಕ್ಕೆ ಎಳೆಯಿರಿ, ಒಳಕ್ಕೆ ಒತ್ತಿರಿ. ಅದು ಅಲುಗಲೇಬಾರದು. ಟಕ್ ಎಂದರೆ, ಕರಕರ ಸದ್ದು ಬಂದರೆ ತಗಡು ಸೀಳಿದೆ ಅಥವಾ ರಿವೆಟ್ ಸಡಿಲವಾಗಿದೆ. ಕೆಲವು ಜೀನುಗಳಲ್ಲಿ ಕಮಾನಿನ ತೀರಾ ಕೆಳತುದಿಯನ್ನು ಬಳುಕುವಂತೆಯೇ ಮಾಡಿರುತ್ತಾರೆ. ಆ ತುದಿ ಹಿಡಿದು ಎಳೆದು ಮುರಿದಿದೆ ಎಂದುಕೊಳ್ಳಬೇಡಿ, ಅದಕ್ಕಿಂತ ಮೇಲೆ ಗಟ್ಟಿ ಭಾಗವನ್ನು ಹಿಡಿಯಿರಿ.

ಎರಡನೆಯದು ನಡು. ಜೀನಿನ ಹಿಂಭಾಗವನ್ನು ಹೊಟ್ಟೆಗೆ ಆನಿಸಿಕೊಂಡು, ಮುಂಭಾಗವನ್ನು ಎರಡೂ ಕೈಯಿಂದ ನಿಮ್ಮತ್ತ ಎಳೆಯಿರಿ. ಸ್ಪ್ರಿಂಗ್ ಟ್ರೀ ತುಸು ಬಾಗಿ, ಬಿಟ್ಟ ಕೂಡಲೇ ಮೊದಲಿನಂತಾಗುತ್ತದೆ. ಬಿಗಿ ಟ್ರೀ ಬಾಗುವುದೇ ಇಲ್ಲ. ಸೀಟಿನ ಅಡ್ಡಕ್ಕೆ ಚೂಪಾದ ಮಡಿಕೆ ಎದ್ದರೆ, ಒಂದು ಬದಿ ಹೆಚ್ಚು ಕುಸಿದರೆ ನಡು ಮುರಿದಿದೆ. ಹಿಂಬದಿಯ ಎತ್ತರದ ಅಂಚನ್ನೂ ಹಾಗೆಯೇ ಒತ್ತಿ ನೋಡಿ, ಅದು ಮಣಿಯಬಾರದು.

ಮೂರನೆಯದು ತಿರುಚು. ನೆಲದಿಂದಲೇ, ಯಾವಾಗಲೂ ಎಡಗಡೆಯಿಂದಲೇ, ಜೀನು ಜಗ್ಗಿ ಹತ್ತುವ ಅಭ್ಯಾಸ ಟ್ರೀಯನ್ನು ತಿರುಚುತ್ತದೆ. ಜೀನನ್ನು ಮಗುಚಿ ಹಾಕಿ ಮುಂದಿನ ನಡುವಿನಿಂದ ಹಿಂದಿನ ನಡುವಿಗೆ ದಾರ ಎಳೆದು ಹಿಡಿಯಿರಿ. ದಾರದ ಎರಡೂ ಕಡೆ ಸಮ ಜಾಗ ಇರಬೇಕು. ಇಲ್ಲದಿದ್ದರೆ ತಕ್ಷಣ ತೀರ್ಮಾನಕ್ಕೆ ಬರಬೇಡಿ, ಪ್ಯಾನೆಲ್ ಒಳಗೆ ತುಂಬಿದ ಉಣ್ಣೆ ಒಂದು ಕಡೆ ಕುಸಿದರೂ ಹೀಗೆಯೇ ಕಾಣುತ್ತದೆ. ಸವಾರ ಕಾಲಿಡುವ ರಿಕಾಪು ನೇತುಹಾಕುವ ಕಬ್ಬಿಣದಿಂದ ಹಿಂದಿನ ಅಂಚಿನ ನಡುಬಿಂದುವಿಗೆ ಎರಡೂ ಬದಿ ಟೇಪು ಹಿಡಿದು ಅಳೆಯಿರಿ. ಅಳತೆಯೂ ಬೇರೆಯಾದರೆ ಟ್ರೀಯೇ ಸೊಟ್ಟಗಾಗಿದೆ.

ಮರ ಗಟ್ಟಿಯಿದ್ದು ರಿವೆಟ್ ಮಾತ್ರ ಸಡಿಲವಿದ್ದರೆ ಜೀನು ಹೊಲಿಯುವ ನುರಿತವರು ಸರಿಮಾಡಬಲ್ಲರು. ಮುರಿದಿದ್ದರೆ, ತಿರುಚಿದ್ದರೆ ಅಲ್ಲಿಗೇ ನಿಲ್ಲಿಸಿ. ಟ್ರೀ ಬದಲಿಸಲು ಜೀನನ್ನು ಪೂರ್ತಿ ಬಿಚ್ಚಬೇಕು. ಸಾಧಾರಣ ಜೀನಿಗೆ ಅಷ್ಟು ಕೂಲಿ ಕೊಡುವ ಬದಲು ಕಾನ್ಪುರದ ಹೊಸ ಜೀನು ಕೊಳ್ಳುವುದೇ ಲೇಸು. ಬೆಸುಗೆ ಹಾಕಿಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ. ಎಸೆಯುವ ಮುನ್ನ ಗರ್ತ್ (ಕುದುರೆಯ ಹೊಟ್ಟೆಯಡಿ ಬಿಗಿಯುವ ಪಟ್ಟಾ) ಕಟ್ಟುವ ಪಟ್ಟಿಗಳನ್ನು ಕತ್ತರಿಸಿಬಿಡಿ, ಕಲಿಯುವ ಮಕ್ಕಳಿಗೆ ಸಾಕು ಎಂದು ಇನ್ಯಾರೋ ಎತ್ತಿಕೊಂಡು ಹೋಗಬಾರದು.

ಪಟ್ಟಿಗಳು

ಟ್ರೀ ಗಟ್ಟಿಯಿದ್ದರೆ ಮುಂದೆ ಹೋಗಿ. ಸವಾರನ ಕಾಲಿನಡಿ ಬರುವ ಚರ್ಮದ ಫ್ಲ್ಯಾಪ್ ಎತ್ತಿದರೆ ಪ್ರತಿ ಬದಿಗೆ ಸಾಮಾನ್ಯವಾಗಿ ಮೂರು ಗರ್ತ್ ಪಟ್ಟಿಗಳು ಕಾಣುತ್ತವೆ. ಮೊದಲನೆಯದನ್ನು ಪ್ರತ್ಯೇಕ ನವಾರಿಗೂ, ಉಳಿದೆರಡನ್ನು ಒಂದೇ ನವಾರಿಗೂ ಹೊಲಿದಿರುತ್ತಾರೆ. ಒಂದು ನವಾರು ಹರಿದರೂ ಇನ್ನೊಂದು ಹಿಡಿಯಲಿ ಎಂದೇ ಈ ಏರ್ಪಾಡು. ಹಾಗಾಗಿ ಎರಡು, ಮೂರನೆಯ ಪಟ್ಟಿಗೆ ಗರ್ತ್ ಕಟ್ಟುವುದು ಅಪಾಯ. ಒಂದರ ಜೊತೆ ಎರಡು, ಇಲ್ಲವೇ ಒಂದರ ಜೊತೆ ಮೂರು ಬಳಸಿ.

ಪಟ್ಟಿಯನ್ನು ಹೆಬ್ಬೆರಳಿನ ಮೇಲೆ ಹಿಂದಕ್ಕೆ ಮಡಚಿ. ಸಣ್ಣ ಸಣ್ಣ ಬಿರುಕು ಎದ್ದರೆ, ತೂತು ಉದ್ದವಾಗಿ ಹಿಗ್ಗಿದ್ದರೆ ಬದಲಿಸಿ. ಒಂದನ್ನು ಮಾತ್ರ ಬದಲಿಸಿದರೆ ಹಳೆಯದು ಮೊದಲೇ ಹಿಗ್ಗಿರುವುದರಿಂದ ಎಳೆತ ಓರೆಯಾಗುತ್ತದೆ, ಎರಡೂ ಬದಿಯವನ್ನು ಒಟ್ಟಿಗೇ ಬದಲಿಸಿ. ಇರುವ ತೂತುಗಳ ನಡುವೆ ಹೊಸ ತೂತು ಕೊರೆಯುವುದು ಬೇಡವೇ ಬೇಡ. ಮೇಲಿನ ನವಾರು ಮೇಲ್ನೋಟಕ್ಕೆ ಕಾಣುವುದಿಲ್ಲ, ಪಟ್ಟಿಯನ್ನು ಮೈಭಾರ ಹಾಕಿ ಎಳೆದು ಹೊಲಿಗೆ ಬಾಯಿಬಿಡುವುದೇ ನೋಡಿ. ಚರ್ಮ ಉಜ್ಜಿದರೆ ಕೆಂಪು ಪುಡಿ ಉದುರುತ್ತಿದ್ದರೆ ಅದಕ್ಕೆ ಔಷಧವಿಲ್ಲ. ಯಾವ ಎಣ್ಣೆಯೂ ಜೀವ ಕೊಡದು. ಎಣ್ಣೆ ಸುರಿದಷ್ಟೂ ಪಟ್ಟಿ ಹಿಗ್ಗುತ್ತದೆ, ದಾರ ಕೊಳೆಯುತ್ತದೆ. ಎಂಜಿನ್ ಎಣ್ಣೆ ಹಚ್ಚಿದ ಜೀನನ್ನಂತೂ ಕೊಳ್ಳಬೇಡಿ.

ಹೊಲಿಗೆ ಕೈಯಲ್ಲೇ ಆಗಲಿ. ಮೇಣ ಹಚ್ಚಿದ ದಾರ, ಎರಡು ಸೂಜಿ, ಹಳೆಯ ತೂತುಗಳೇ. ಯಂತ್ರದಲ್ಲಿ ಪಕ್ಕದಲ್ಲೇ ಹೊಸ ತೂತು ಸಾಲು ಹೊಡೆದರೆ ಚರ್ಮ ಅಂಚೆಚೀಟಿಯಂತೆ ಅಲ್ಲಿಗೇ ಹರಿಯುತ್ತದೆ.

ಪ್ಯಾನೆಲ್ ಮತ್ತು ಉಳಿದದ್ದು

ಹೆಬ್ಬೆರಳಿನಿಂದ ಉದ್ದಕ್ಕೂ ಒತ್ತುತ್ತಾ ಹೋಗಿ. ಗಂಟು, ಗುಳಿ ಸಿಕ್ಕರೆ ಉಣ್ಣೆ ತೆಗೆದು ಹೊಸದಾಗಿ ತುಂಬಿಸಬೇಕು. ಇದು ದಂಡ ಖರ್ಚಲ್ಲ. ಫೋಮ್ ಪ್ಯಾನೆಲ್ ಆದರೆ ತುಂಬಿಸಲಾಗದು, ಬದಲಿಸಬೇಕು. ಮಳೆಗಾಲದ ಬೂಷ್ಟಿಗೆ ಹೆದರಬೇಕಿಲ್ಲ, ಒರೆಸಿದರೆ ಹೋಗುತ್ತದೆ. ಆದರೆ ಅದರಡಿಯ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ. ಸೀಟಿನ ಸವೆತ, ಫ್ಲ್ಯಾಪ್ ಮೇಲಿನ ಗೀರು ಸುರಕ್ಷತೆಗೆ ಸಂಬಂಧಿಸಿದ್ದಲ್ಲ, ಹಣ ಉಳಿದರೆ ಮಾಡಿಸಿ.

ದರ ಕೇಳುವ ಮುನ್ನ ಜೀನನ್ನು ನಿಮ್ಮ ಕುದುರೆಯ ಬರಿ ಬೆನ್ನಿನ ಮೇಲಿಟ್ಟು, ಸವಾರ ಕುಳಿತಾಗ ಹೆಗಲ ಮೇಲಿನ ಉಬ್ಬು ಮೂಳೆಗೂ ಕಮಾನಿಗೂ ನಡುವೆ ಎರಡು ಮೂರು ಬೆರಳು ಹಿಡಿಯುತ್ತದೆಯೇ ನೋಡಿ. ಕುದುರೆಗೆ ಹೊಂದದ ಜೀನನ್ನು ಎಷ್ಟು ಚೆನ್ನಾಗಿ ರಿಪೇರಿ ಮಾಡಿಸಿದರೂ ವ್ಯರ್ಥ. ಖರ್ಚು ಅದೇ ದರ್ಜೆಯ ಹೊಸ ಜೀನಿನ ಅರ್ಧ ಬೆಲೆ ದಾಟಿದರೆ ಬಿಟ್ಟುಬಿಡಿ. ಕೊಡುವುದೇ ಆದರೆ, ಸೀಟು ಬಿಚ್ಚಿದಾಗ ಬರಿ ಟ್ರೀಯ ಫೋಟೊ ತೆಗೆದು ಕಳಿಸಲು ಹೇಳಿ, ಅದನ್ನು ನೋಡಿದ ಮೇಲೆಯೇ ಹೊಸ ಚರ್ಮ ಹೊದಿಸಲು ಒಪ್ಪಿಗೆ ಕೊಡಿ.