ಬುಶ್ ಪದ್ಯಗಳನ್ನು ಕನ್ನಡದ ಮಾತ್ರೆಗೆ ಕೂರಿಸಿದ ಬಗೆ

ಜರ್ಮನಿಯ ಚಿತ್ರಕಾರ-ಕವಿ ವಿಲ್ಹೆಲ್ಮ್ ಬುಶ್ (1832–1908) ಮೊದಲು ಚಿತ್ರ ಬರೆದು, ಆಮೇಲೆ ಅದರಡಿಗೆ ಪದ್ಯ ಹೊಂದಿಸುತ್ತಿದ್ದವರು. ಇಬ್ಬರು ತುಂಟ ಹುಡುಗರ ಏಳು ಕೀಟಲೆಗಳನ್ನು ಹೇಳುವ, 1865ರ ‘ಮಾಕ್ಸ್ ಉಂಡ್ ಮೋರಿಟ್ಸ್’ ಅನ್ನು ಕನ್ನಡಿಸುವಾಗ ನಾನೂ ಅದೇ ಕ್ರಮ ಹಿಡಿದೆ. ಪ್ರತಿ ಚಿತ್ರವನ್ನೂ ಬೇರೆ ಹಾಳೆಗೆ ಅಂಟಿಸಿ, ಚಿತ್ರವೇ ಹೇಳಿದ್ದನ್ನು ಮೊದಲು ಪಟ್ಟಿ ಮಾಡಿ, ಉಳಿದದ್ದನ್ನಷ್ಟೇ ಪದ್ಯಕ್ಕೆ ಬಿಟ್ಟೆ.

ಮೂಲದ ಸಾಲಿಗೆ ನಾಲ್ಕು ಪೆಟ್ಟು (ಒತ್ತಿ ನುಡಿಯುವ ಅಕ್ಷರ). ಎಂಟು ಅಥವಾ ಏಳು ಅಕ್ಷರ. ಕನ್ನಡದಲ್ಲಿ ಎಣಿಕೆ ಮಾತ್ರೆಯದು (ಲಘುವಿಗೆ ಒಂದು, ಗುರುವಿಗೆ ಎರಡು), ಮಾತ್ರೆಗಳ ಗುಂಪೇ ಗಣ. ಭಾಮಿನಿ ಷಟ್ಪದಿಯ 3+4 ನಡೆ ಕಥೆಗೆ ಹಿತ, ಆದರೆ ಇಲ್ಲಿ ಓಲಾಡುತ್ತದೆ, ಬುಶ್‌ರ ಸಮನಾದ ಪೆಟ್ಟು ಮಾಯವಾಗುತ್ತದೆ. 4+4+4+3 ಸರಿಹೋಯಿತು. ಮೂರನೆಯ ಕೀಟಲೆಯಲ್ಲಿ ಹುಡುಗರು ದರ್ಜಿ ಬ್ಯೋಕ್‌ನ ಮನೆ ಮುಂದಿನ ಕಾಲುಸೇತುವೆಯನ್ನು ಕೊಯ್ಯುತ್ತಾರೆ. ‘ರಿಟ್ಸೆರಾಟ್ಸೆ’ ಎಂಬುದು ಅಲ್ಲಿ ಗರಗಸದ ಸದ್ದು:

ಗರಗರ ಗರಗಸ ಕೊರೆಯಿತು ಹಲಗೆ,
ಬಿರುಕೇ ಬಿಟ್ಟಿತು ಸೇತುವೆಯೊಳಗೆ.

ಅಂತ್ಯಪ್ರಾಸದ ಜೊತೆಗೆ ಎರಡನೆಯ ಅಕ್ಷರದ ರಕಾರವೂ ಕೂಡಿತು. ಮೂಲದಲ್ಲಿರುವ ‘ಕುತಂತ್ರ ತುಂಬಿ’ ಎಂಬ ಮಾತು ಬಿಟ್ಟುಹೋಗಿದೆ. ಅದು ಚಿತ್ರದಲ್ಲೇ ಇದೆ.

ಮೊದಲ ಆರು ಕೀಟಲೆಗಳ ಕೊನೆಗೆ ಬರುವ ಪಲ್ಲವಿಯಲ್ಲಿ ಎಣಿಕೆ ಮಾತ್ರ ಬದಲಾಗುತ್ತದೆ (ಏಳನೆಯದನ್ನು ಮೂಲ ‘ಕೊನೆಯದು’ ಎನ್ನುತ್ತದೆ). ಕನ್ನಡ ಇಲ್ಲಿ ತುಂಬಾ ಉದಾರಿ: ಒಂದನೆ, ಎರಡನೆ, ಮೂರನೆ, ನಾಲ್ಕನೆ, ಏಳನೆಯವರೆಗೂ ಎಲ್ಲವೂ ನಾಲ್ಕೇ ಮಾತ್ರೆ! ಒಂದೇ ಅಚ್ಚು ಸಾಕು:

ಮುಗಿಯಿತು ಒಂದನೆ ಕೀಟಲೆಯಾಟ,
ಎರಡನೆ ಕೇಡಿಗೆ ಈಗಲೆ ಓಟ.

ಹೆಸರುಗಳು ತೊಡಕು. ‘ಮಾಕ್ಸನು’ ಎಂದರೆ ನಾಲ್ಕು ಮಾತ್ರೆ, ನೇರವಾಗಿ ಕೂರುತ್ತದೆ. ‘ಮೋರಿಟ್ಸ’ ಐದಾಗಿ ಗಣ ಒಡೆಯುತ್ತದೆ. ಹೆಸರು ತಿರುಚುವ ಬದಲು ಮುಂದೆ ಮೂರು ಮಾತ್ರೆಯ ಪದವಿಟ್ಟು (‘ಮೋರಿಟ್ಸ ನಗುತ’) ಎರಡು ಗಣಗಳ ಎಂಟನ್ನು ತುಂಬಿಸಿದೆ. ಉದ್ದ ಸಮಾಸಗಳನ್ನು ಪೂರ್ತಿ ದೂರವಿಟ್ಟೆ. ಒಂದು ಬಂದರೂ ಸಾಲು ಭಾರವಾಗಿ ಮಗು ಓದುವುದನ್ನು ನಿಲ್ಲಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಕೊನೆಯನ್ನು ಮೆದು ಮಾಡುವುದು. ಗಿರಣಿಯಲ್ಲಿ ಹುಡುಗರು ನುಚ್ಚಾಗಿ, ಬಾತುಗಳು ಆ ಕಾಳು ತಿನ್ನುತ್ತವೆ. ಊರಿನಲ್ಲಿ ಯಾರಿಗೂ ದುಃಖವಿಲ್ಲ. ಬುಶ್‌ರ ವ್ಯಂಗ್ಯದ ಮೊನೆ ಅಲ್ಲಿದೆ: ಹುಡುಗರಿಗಿಂತ ಹೆಚ್ಚಾಗಿ ಆ ಸಭ್ಯ ಊರಿನ ಮೇಲೆ. ಅಲ್ಲಿ ‘ಪಾಪ’ ಎಂಬ ಪದ ಸೇರಿಸಿದರೆ ಕೆಲಸವೆಲ್ಲ ಕೆಡುತ್ತದೆ. ಆದ್ದರಿಂದ ಊರಿನವರ ಮಾತನ್ನು ಜಗಲಿಯ ಮೇಲೆ ಕೂತವರ ಹಾಗೆ, ನೆಮ್ಮದಿಯ ಆಡುಮಾತಿನಲ್ಲೇ ಬಿಟ್ಟಿದ್ದೇನೆ.